ಒಂಬತ್ತನೇ ಕಪಾಟಿನ ಚೀಟಕ್ಕ

ಬೆಳಗ್ಗೆ ಐದೂ ಮುಕ್ಕಾಲು. ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಈ ಹೊತ್ತಿಗೇ ಕುತ್ತಿಗೆಯಲ್ಲಿ ಬೆವರಿಳಿಯುವಷ್ಟು ಸೆಖೆ. ಸೂರಿನಲ್ಲಿ ನಾಲ್ಕು ಫ್ಯಾನುಗಳಿವೆ, ಒಂದೂ ತಿರುಗುತ್ತಿಲ್ಲ. ಕೆಳಗೆ ಮೇಜಿನ ಮುಂದೆ ನಿಂತ ಐವತ್ತೆರಡರ ಹೆಂಗಸು ಪೋಸ್ಟ್‌ಕಾರ್ಡ್ ಗಾತ್ರದ ಚೀಟಿಗಳನ್ನು ಒಂದೊಂದಾಗಿ ಎತ್ತಿ, ಬೆನ್ನು ಮೇಲೆ ಮಾಡಿ, ಸಾಲಾಗಿ ಮಲಗಿಸುತ್ತಿದ್ದಾರೆ. ಬಾಯಲ್ಲಿ ಎಣಿಕೆ ನಡೆದೇ ಇದೆ. ಬಾಗಿಲಲ್ಲಿ ನೆರಳು ಕಂಡದ್ದೇ ತಲೆಯೆತ್ತದೆ ಎಚ್ಚರಿಸುತ್ತಾರೆ: "ಬನ್ನಿ, ಕೂತ್ಕೊಳ್ಳಿ. ಸ್ವಿಚ್ಚಿಗೆ ಮಾತ್ರ ಕೈ ಹಚ್ಚಬೇಡಿ."

ಅದಕ್ಕೊಂದು ಕಾರಣವಿದೆ. "ಒಂದ್ಸಲ ಹೊಸಬರೊಬ್ಬರು ಬಂದವರೇ ಟಪ್ ಅಂತ ಫ್ಯಾನ್ ಹಾಕಿಬಿಟ್ರು. ಏಳನೇ ಕಪಾಟಿನ ಭಾಷೆ ಕಿಟಕಿಯಿಂದ ಹಾರಿ ಬೀದಿಗೆ ಹೋಯ್ತು. ಕಾವಲುಗಾರ, ಹೂವು ಮಾರೋಳು, ನಾನು, ಮೂರೂ ಜನ ಮಧ್ಯಾಹ್ನದ ತನಕ ಕ್ರಿಯಾಪದ ಹೆಕ್ಕಿದ್ವಿ. ಇನ್ನೂ ನಾಲ್ಕು ಸಿಕ್ಕಿಲ್ಲ. ಅಂಥ ಗಾಳಿ ಯಾಕೆ ಬೇಕು ಹೇಳಿ?" ಅಂದಿನಿಂದ ಸಹೋದ್ಯೋಗಿಗಳು ಬಂದು ಫ್ಯಾನು ಕೇಳುವ ಮುಂಚೆಯೇ ಬಿಡಿ ಚೀಟಿಯ ಕೆಲಸ ಮುಗಿಸುವುದು ಇವರ ಪದ್ಧತಿ.

ಕಚೇರಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಜವಾನನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಇವರು ಚೀಟಕ್ಕ. ಹದಿನಾಲ್ಕು ಭಾಷೆಗಳಲ್ಲಿ ಪದಗಳು ಹೇಗೆ ಹುಟ್ಟುತ್ತವೆ, ಹೇಗೆ ಬೆಳೆಯುತ್ತವೆ ಎಂದು ಹೋಲಿಸಿ ತೋರಿಸುವ ಒಂದು ದೊಡ್ಡ ಕೋಶದ ಕಚೇರಿ ಇದು. ಭಾಷೆಗೊಂದು ಕಪಾಟು, ಕಪಾಟಿಗೆ ಅರವತ್ತು ಡ್ರಾಯರು. ಒಟ್ಟು ಎರಡು ಲಕ್ಷ ಹದಿನಾರು ಸಾವಿರ ಚೀಟಿ. ಒಂದು ಚೀಟಿಗೆ ಒಂದು ಪದ: ಮುಂಭಾಗದಲ್ಲಿ ಆ ಪದವನ್ನು ಬಿಡಿಸಿ, ತುಂಡು ತುಂಡಾಗಿ ಗೆರೆ ಎಳೆದು, ಅರ್ಥ ಬರೆದಿರುತ್ತಾರೆ. ವಿದ್ವಾಂಸರು ಬಂದು ತೆಗೆಸಿ ನೋಡಿ, ಮೇಜಿನ ಮೇಲೆ ಗುಡ್ಡೆ ಹಾಕಿ ಹೋಗುತ್ತಾರೆ. ದಿನಕ್ಕೆ ನಾನೂರರಂತೆ ಅವನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಸೇರಿಸುವುದು ಚೀಟಕ್ಕನ ಕೆಲಸ. ಒಂದು ಚೀಟಿ ತಪ್ಪು ಡ್ರಾಯರಿಗೆ ಬಿತ್ತೋ, ಆ ಪದ ಸತ್ತಂತೆಯೇ ಸರಿ.

"ಮೂರು ತಿಂಗಳ ಹಂಗಾಮಿ ಕೆಲಸ ಅಂದಿದ್ರು," ಎನ್ನುತ್ತಾರೆ. "ಇಪ್ಪತ್ತೇಳು ವರ್ಷ ಆಯ್ತು, ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ."

ಓದಿದ್ದು ಹತ್ತನೇ ತರಗತಿ. ಮದುವೆಯಾದ ನಾಲ್ಕನೇ ವರ್ಷಕ್ಕೆ ಲಾರಿ ಓಡಿಸುತ್ತಿದ್ದ ಗಂಡ ಅಪಘಾತದಲ್ಲಿ ತೀರಿಕೊಂಡರು. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಒಬ್ಬರ ಮುಖ ಒಬ್ಬರು ನೋಡಿದರೆ ಅಳು ಬರುತ್ತಿದ್ದ ಕಾಲ ಅದು. ಅತ್ತೆಯೇ ಒಂದು ದಿನ, "ಹೋಗು, ಎಲ್ಲಾದರೂ ಕೆಲಸಕ್ಕೆ ಸೇರು, ಇಬ್ಬರೂ ಹೀಗೇ ಕೂತರೆ ಗೋಡೆಗೂ ಹುಚ್ಚು ಹಿಡಿದೀತು" ಎಂದು ಹೊರಗಟ್ಟಿದರಂತೆ. ಈಗ ಆ ಅತ್ತೆಗೆ ಎಂಬತ್ತೊಂದು. ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಸೊಸೆ ಮನೆಗೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ: "ಇವತ್ತು ಯಾವ ಭಾಷೆಯೋರು ಬಂದಿದ್ರೇ?"

ಸೇರಿದ ಮೊದಲ ತಿಂಗಳಲ್ಲೇ ಚೀಟಕ್ಕ ಒಂದು ಘನಕಾರ್ಯ ಮಾಡಿದರು. ಒಂಬತ್ತನೇ ಕಪಾಟು ಅಸ್ತವ್ಯಸ್ತವಾಗಿದೆ ಎನಿಸಿ, ಯಾರನ್ನೂ ಕೇಳದೆ, ಎರಡು ವಾರ ಕೂತು ಅಷ್ಟನ್ನೂ ಮೊದಲ ಅಕ್ಷರ ಹಿಡಿದು ನೀಟಾಗಿ ಜೋಡಿಸಿದರು. ನೋಡಿದರೆ ಆರು ಡ್ರಾಯರು ಬಿರಿದು ಚೀಟಿ ನೆಲಕ್ಕೆ ಸುರಿಯುವಷ್ಟು ಭರ್ತಿ, ಐವತ್ನಾಲ್ಕು ಖಾಲಿ! ಆ ಭಾಷೆಯಲ್ಲಿ ಪ್ರತಿ ಪದಕ್ಕೂ ಮುಂದೆ ಒಂದು ಸಣ್ಣ ತುಂಡು ಅಂಟಿಕೊಳ್ಳುತ್ತದೆ: ಮನುಷ್ಯರಿಗೆ ಒಂದು, ಮರಗಿಡಕ್ಕೆ ಒಂದು, ಪಾತ್ರೆಪಗಡಕ್ಕೆ ಒಂದು, ಹೀಗೆ ಆರು. ಅದನ್ನು ಬಿಟ್ಟು ನಂತರದ ಅಕ್ಷರ ಹಿಡಿಯಬೇಕಿತ್ತು. "ಎಲ್ಲರ ತಲೆ ಬಿಟ್ಟು ಟೋಪಿ ನೋಡಿ ಸಾಲು ನಿಲ್ಲಿಸಿದ್ದೆ. ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಹಳೇ ಸಂಪಾದಕರು ಬಂದು ನೋಡಿದ್ರು, ಹೊಟ್ಟೆ ಹಿಡ್ಕೊಂಡು ನಕ್ಕರು. 'ಈ ಆರು ಟೋಪಿ ಕಂಡುಹಿಡಿಯೋಕೆ ನನಗೆ ಎರಡು ವರ್ಷ ಬೇಕಾಯ್ತಮ್ಮ, ನಿನಗೆ ಎರಡು ವಾರ ಸಾಕಾಯ್ತು' ಅಂದ್ರು. ಆಮೇಲೆ ದಿನಾ ಊಟದ ಹೊತ್ತಲ್ಲಿ ಕೂರಿಸ್ಕೊಂಡು ಒಂದೊಂದೇ ಕಪಾಟು ಹೇಳಿಕೊಟ್ರು."

ಆ ಪಾಠ ಇವತ್ತು ಇವರ ಬಾಯಲ್ಲಿ ಕೇಳಬೇಕು. ಭಾಷೆಗಳ ಹೆಸರು ಇವರು ಹೇಳುವುದಿಲ್ಲ, ಕಪಾಟಿನ ನಂಬರೇ ಹೆಸರು. "ಒಂದನೇದು ನಮ್ದೇ, ಬಾಲದ ಭಾಷೆ. ಮನೆ ಅನ್ನಿ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಬಾಲಕ್ಕೆ ಬಾಲ ಕಟ್ತಾ ಹೋಗಿ, ಬೇಡ ಅನ್ನೋರಿಲ್ಲ. ಮೂರನೇದಕ್ಕೆ ಬಾಲವೂ ಇಲ್ಲ, ಟೋಪಿಯೂ ಇಲ್ಲ, ಯಾರು ಮುಂದೆ ನಿಂತಿದ್ದಾರೆ ಯಾರು ಹಿಂದೆ ಅನ್ನೋದರಲ್ಲೇ ಎಲ್ಲ. ಐದನೇದರಲ್ಲಿ ಬಹಳ ಅನ್ನೋಕೆ ಅದೇ ಪದ ಎರಡು ಸಲ ಹೇಳಿದ್ರೆ ಮುಗೀತು. ಏಳನೇದು ಒಳಗೊಳಗೇ ಬದಲಾಗುತ್ತೆ, ಹೊರಗಿಂದ ಏನೂ ತಿಳಿಯಲ್ಲ, ನಮ್ಮ ನಾದಿನಿ ಥರ. ಇನ್ನು ಹನ್ನೆರಡನೇ ಕಪಾಟಿನೋರು! ಒಂದು ಪದ ಅಂತ ಶುರು ಮಾಡಿದ್ರೆ ಇಡೀ ವಾಕ್ಯ ಅದರೊಳಗೇ. ಚೀಟಿ ಸಾಲದೆ ಇನ್ನೊಂದು ಚೀಟಿ ಅಂಟಿಸಬೇಕು." ಈ ಯಾವ ಭಾಷೆಯಲ್ಲೂ ತನಗೆ ನೀರು ಕೇಳಲು ಬರುವುದಿಲ್ಲ ಎಂದು ಅವರೇ ನಗುತ್ತಾರೆ. "ಪದ ಹೇಗೆ ಕಟ್ಟಿದ್ದಾರೆ ಅಂತ ಗೊತ್ತು. ಮಾತಾಡೋಕೆ ಬರಲ್ಲ."

ಇಷ್ಟೇ ಆಗಿದ್ದರೆ ಚೀಟಕ್ಕನ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಈ ವರ್ಷ ಕಚೇರಿಯನ್ನು ಇದಕ್ಕಿಂತ ಸಣ್ಣ ಜಾಗಕ್ಕೆ ಸಾಗಿಸುವ ಆಜ್ಞೆ ಬಂತು. ಕಪಾಟುಗಳಿಗೆ ಅಲ್ಲಿ ಜಾಗವಿಲ್ಲ. ಚೀಟಿಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವುದು, ಕಾಗದವನ್ನೆಲ್ಲ ಕರಗಿಸಲು ಕಳಿಸುವುದು ಎಂದು ತೀರ್ಮಾನವಾಯಿತು. ಹೊಸ ನಿರ್ದೇಶಕರು ಕೆಟ್ಟವರಲ್ಲ, ಅವಸರದವರು. "ಈ ಚೀಟಿಗೀಟಿ ಕಾಲ ಎಲ್ಲ ಮುಗೀತು ಚೀಟಕ್ಕ" ಎಂದರು. ಇವರು ಬಿಡುತ್ತಾರೆಯೇ? "ಚೀಟಿ ಇದೆ ಸರ್. ಗೀಟಿ ಯಾವ ಡ್ರಾಯರಲ್ಲೂ ಇಲ್ಲ" ಎಂದರಂತೆ.

ಫೋಟೋ ತೆಗೆಯುವವರು ಬಂದರು. ಮೊದಲ ಕಪಾಟಿನಿಂದ ಹತ್ತು ಚೀಟಿ ತೆಗೆದು ಹಿಂದೆಮುಂದೆ ನೋಡಿದರು. ಹಿಂಭಾಗ ಖಾಲಿ. ಅದು ಪುಸ್ತಕಗಳಿಂದ ಇಳಿಸಿಕೊಂಡ ಕಪಾಟು, ಹಿಂದೆ ಬರೆಯುವಂಥದ್ದು ಏನೂ ಇರಲಿಲ್ಲ. ಸರಿ, ಯಂತ್ರಕ್ಕೆ ಒಂದೇ ಮಗ್ಗುಲು ಸಾಕು ಎಂದು ಹೊಂದಿಸಿಬಿಟ್ಟರು. ಒಂದೊಂದು ಕಪಾಟು ಮುಗಿದಾಗಲೂ ಚೀಟಕ್ಕ ಚೀಟಿ ಎಣಿಸಬೇಕು, ಫೋಟೋ ಎಣಿಕೆಗೆ ತಾಳೆ ನೋಡಬೇಕು, 'ಎಲ್ಲವೂ ಇದೆ' ಎಂಬ ಕಾಗದಕ್ಕೆ ಸಹಿ ಹಾಕಬೇಕು. ಎಂಟು ಕಪಾಟು, ಎಂಟು ಸಹಿ. ಒಂಬತ್ತನೆಯದೂ ತಾಳೆಯಾಯಿತು: ಹದಿನೈದು ಸಾವಿರದ ನಾನೂರು. ಅದು ಶನಿವಾರ. ಸೋಮವಾರ ಬೆಳಗ್ಗೆ ಈ ಒಂಬತ್ತನ್ನೂ ಒಯ್ಯಲು ಲಾರಿ.

ಶನಿವಾರಗಳಂದು ಓದುವ ಕೋಣೆಗೆ ಒಬ್ಬ ನರ್ಸಮ್ಮ ಬರುತ್ತಾರೆ. ಒಂಬತ್ತನೇ ಕಪಾಟು ಅವರ ತವರಿನ ಭಾಷೆ. ಏಳನೇ ವಯಸ್ಸಿಗೆ ಹಾಸ್ಟೆಲ್ ಸೇರಿ ಅದನ್ನು ಮರೆತರು. ಊರಿನಲ್ಲಿ ಈಗ ಆಡುವವರು ಕೈಬೆರಳಲ್ಲಿ ಎಣಿಸುವಷ್ಟು ಮುದುಕರು. ಎರಡು ವರ್ಷದಿಂದ ಅವರು ಡ್ಯೂಟಿ ಮುಗಿಸಿ ಬಂದು ಚೀಟಿಗಳ ಹಿಂಭಾಗವನ್ನು ಓದುತ್ತಾರೆ. ಯಾಕೆಂದರೆ ಆ ಕಪಾಟಿನ ಪದಗಳನ್ನು ಎಂಟು ಬೇಸಿಗೆ ರಜೆ ಅಲ್ಲೇ ಉಳಿದು ಕೂಡಿಹಾಕಿದ ಮೇಷ್ಟ್ರೊಬ್ಬರು, ಪ್ರತಿ ಪದದ ಹಿಂದೆ ಅದನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ಹೇಳಿದರು ಎಂದು ಬರೆದಿಟ್ಟಿದ್ದಾರೆ.

ಅವತ್ತು ಕಪಾಟಿಗೆ ಹಗ್ಗ ಬಿಗಿದಿತ್ತು. ಚೀಟಕ್ಕ, "ಕಂಪ್ಯೂಟರಲ್ಲೇ ನೋಡಿ, ಈಗ ಎಲ್ಲಾ ಅದರಲ್ಲೇ ಇದೆ" ಎಂದು ಸ್ವಲ್ಪ ಜಂಬದಿಂದಲೇ ಒಂದು ಚೀಟಿ ತೆಗೆಸಿ ತೋರಿಸಿದರು. ನರ್ಸಮ್ಮ ನೋಡಿದರು. ಆಮೇಲೆ, "ಹಿಂದುಗಡೆ?" ಎಂದರು.

"ಆಗಲೇ ನನಗೆ ಹೊಳೆದದ್ದು," ಎನ್ನುತ್ತಾರೆ ಚೀಟಕ್ಕ. "ನಾಲ್ಕನೇ ಕಪಾಟಲ್ಲೂ ಹಿಂದೆ ಇದೆ, ಆರನೇದರಲ್ಲೂ ಇದೆ. ಸಹಿ ಹಾಕುವಾಗ ಎಲ್ಲಿ ಹೋಗಿತ್ತು ನನ್ನ ಬುದ್ಧಿ? ಎಣಿಸಿದ್ದೇ ಎಣಿಸಿದ್ದು. ತಿರುಗಿಸಿ ನೋಡ್ಲೇ ಇಲ್ಲ. ಇಪ್ಪತ್ತೇಳು ವರ್ಷ ಕಾದಿಟ್ಟದ್ದನ್ನ ನಾನೇ ಕೈಯಾರೆ ಲಾರಿ ಹತ್ತಿಸ್ತಿದ್ದೆ."

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇವರ ಮೂರು ತಿಂಗಳನ್ನು ಮತ್ತೊಮ್ಮೆ ಮುಂದುವರಿಸುವ ಕಡತ ಅದೇ ವಾರ ನಿರ್ದೇಶಕರ ಮೇಜಿನ ಮೇಲಿತ್ತು. ಅಂಥ ಹೊತ್ತಿನಲ್ಲಿ ತಪ್ಪೊಪ್ಪಿಕೊಳ್ಳುವುದು ಅಂದರೆ ತಮಾಷೆಯಲ್ಲ. ಚೀಟಕ್ಕ ಹಗ್ಗ ಬಿಚ್ಚಿ, ನರ್ಸಮ್ಮ ಕೇಳಿದ ಚೀಟಿ ಹುಡುಕಿ, ಕಂಪ್ಯೂಟರಿನಿಂದ ಅದರದೇ ಪ್ರತಿ ತೆಗೆಸಿ, ಎರಡನ್ನೂ ಹಿಡಿದು ನರ್ಸಮ್ಮನನ್ನು ಕರೆದುಕೊಂಡು ನೇರ ನಿರ್ದೇಶಕರ ಕೋಣೆಗೆ ನಡೆದರು. ನಿರ್ದೇಶಕರು ಆಗಲೇ ಚೀಲ ಹೆಗಲಿಗೇರಿಸಿ ಹೊರಟಿದ್ದರು.

"ಒಂಬತ್ತನೇದಕ್ಕೆ ಸಹಿ ಹಾಕಲ್ಲ ಸರ್."

"ಯಾಕೆ? ಎಣಿಕೆ ತಾಳೆ ಆಯ್ತಲ್ಲ. ಎಂಟಕ್ಕೆ ಹಾಕಿದ್ದೀರಿ."

"ಹಾಕಿದ್ದೀನಿ. ಎಂಟೂ ತಿರುಗಿಸಿ ನೋಡದೆ ಹಾಕಿದ್ದು, ತಪ್ಪು."

ನಿರ್ದೇಶಕರು ಚೀಲ ಕೆಳಗಿಟ್ಟರು. ಚೀಟಕ್ಕ ಎರಡನ್ನೂ ಮೇಜಿನ ಮೇಲಿಟ್ಟು ತಿರುಗಿಸಿದರು. ಪ್ರತಿಯ ಹಿಂದೆ ಬಿಳಿ ಕಾಗದ. ಚೀಟಿಯ ಹಿಂದೆ ಮೇಷ್ಟ್ರ ಸಣ್ಣ ಅಕ್ಷರ. ನರ್ಸಮ್ಮ ಮೊದಲು ಆ ವಾಕ್ಯವನ್ನು ಅವರ ಭಾಷೆಯಲ್ಲಿ ಓದಿದರು, ಆಮೇಲೆ ಕೆಳಗಿನ ಬರಹವನ್ನು: 'ಎಲ್ಲಿಟ್ಟರೂ ಉರುಳುತ್ತೀಯಲ್ಲೇ ನೀನು! ಹೇಳಿದವರು: ಬಾವಿಯ ಪಕ್ಕದ ಮನೆಯ ಅಜ್ಜಿ. ಸಂದರ್ಭ: ಕೊಡ ಒಡೆದ ಆರು ವರ್ಷದ ಮೊಮ್ಮಗಳಿಗೆ ಬೈಯುವಾಗ. ಮನುಷ್ಯರ ಟೋಪಿ ತೆಗೆದು ಪಾತ್ರೆಯ ಟೋಪಿ ಹಾಕಿದರು. ಬೈದು, ತಾವೇ ನಕ್ಕರು.'

ನರ್ಸಮ್ಮ ಚೀಟಿಯನ್ನು ನಿರ್ದೇಶಕರತ್ತ ಸರಿಸಿದರು. "ಆ ಮೊಮ್ಮಗಳು ನಾನೇ ಸರ್," ಎಂದರು. "ಅಜ್ಜಿ ಫೋಟೋ ಕೂಡ ಇಲ್ಲ ನಮ್ಮ ಹತ್ರ. ಇರೋದು ಈ ಬೈಗುಳ ಒಂದೇ."

ಚೀಟಿಯ ಮುಂಭಾಗದಲ್ಲಿ ಪದದ ತುಂಡುಗಳ ಕೆಳಗೆ ಇದ್ದದ್ದು ಇಷ್ಟು: 'ಉರುಳು. ಕ್ರಿಯಾಪದ.'

ನಿರ್ದೇಶಕರು ಆ ಚೀಟಿಯನ್ನು ಎರಡು ಸಲ ತಿರುವಿ ನೋಡಿದರು. ಅಲ್ಲೇ ನಿಂತು ಲಾರಿಯವರಿಗೆ ಫೋನು ಮಾಡಿ ಬೇಡ ಎಂದರು. ಫೋಟೋದವರು ಕಡ್ಡಿ ಮುರಿದಂತೆ ಹೇಳಿದರು: ಎರಡನೇ ಮಗ್ಗುಲು ತಮ್ಮಿಂದಾಗದು, ಎರಡು ಲಕ್ಷ ಚೀಟಿ ಕೈಯಲ್ಲಿ ತಿರುವಿ ಹಾಕಲು ಆಳಿಲ್ಲ. ಚೀಟಕ್ಕ, "ನಾನಿದ್ದೀನಲ್ಲ" ಎಂದರು. ಹಾಗೆ ಶುರುವಾದದ್ದು ಚೀಟಿ ತಿರುವಿಡುವ ಈ ಕೆಲಸ. ಒಂಬತ್ತಕ್ಕೆ ಯಂತ್ರದವರು ಬರುವಷ್ಟರಲ್ಲಿ ಸಾವಿರದಿನ್ನೂರು ಚೀಟಿ ಬೆನ್ನು ಮೇಲಾಗಿ ಕಾದಿರಬೇಕು. ಒಂಬತ್ತನೇ, ನಾಲ್ಕನೇ ಕಪಾಟು ಮುಗಿದಿವೆ, ಈಗ ಆರನೆಯದು ನಡೆಯುತ್ತಿದೆ. ಕಾಗದ ಕರಗಿಸುವ ಆಜ್ಞೆ ರದ್ದೇನೂ ಆಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ. ಆದರೆ ಒಂಬತ್ತನೇ ಕಪಾಟು ಮಾತ್ರ ಹೊಸ ಜಾಗಕ್ಕೆ ಬರುತ್ತದೆ, ಮೆಟ್ಟಿಲ ಕೆಳಗಾದರೂ ಸರಿ ಎಂದು ನಿರ್ದೇಶಕರು ಬರೆದುಕೊಟ್ಟಿದ್ದಾರೆ. ಮೂರು ತಿಂಗಳೂ ಮುಂದುವರಿದಿದೆ.

ಕಿಟಕಿಯಲ್ಲಿ ಬೆಳಕು ಬಂದಿದೆ. ಚೀಟಕ್ಕ ಸೊಂಟಕ್ಕೆ ಕೈಯೂರಿ ನೆಟ್ಟಗಾಗುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ನೋವು, ಆದರೂ ಮುಖದಲ್ಲಿ ಬೇಸರವಿಲ್ಲ. ಒಂಬತ್ತನೇ ಕಪಾಟಿನ ಕೊನೆಯ ಡ್ರಾಯರು ಎಳೆದು, ಮಾಸಲು ಹಳದಿ ಚೀಟಿಗಳ ನಡುವೆ ಎದ್ದು ಕಾಣುವ ಒಂದು ಬೆಳ್ಳನೆಯ ಚೀಟಿ ಕೈಗಿಡುತ್ತಾರೆ. ಮೇಷ್ಟ್ರ ಕೊನೆಯ ಬೇಸಿಗೆಯ ನಂತರ ಈ ಕಪಾಟಿಗೆ ಸೇರಿದ ಮೊದಲ ಚೀಟಿ. ಮುಂದೆ ಅದೇ ಪದ. ಹಿಂದೆ ಚೀಟಕ್ಕನ ಗುಂಡು ಅಕ್ಷರ: 'ಹೇಳಿದವರು: ನರ್ಸಮ್ಮ. ಸಂದರ್ಭ: ಹಾಲಿನ ಲೋಟ ಬೀಳಿಸಿದ ಮಗಳಿಗೆ ಬೈಯುವಾಗ.'

"ಕಳೆದ ಶನಿವಾರ ಬಂದು ಹೇಳಿದ್ರು. ಬಾಯಿಗೆ ತಾನಾಗೇ ಬಂತಂತೆ, ಅಜ್ಜಿ ಹಾಗೇ. ಅತ್ತೆಗೆ ಹೇಳಿದೆ, ಅವರಿಗೂ ಕಣ್ಣಲ್ಲಿ ನೀರು," ಎನ್ನುತ್ತಾರೆ ಚೀಟಕ್ಕ. ನಿಮಗೇನಾದರೂ ಆಸೆ ಉಂಟೇ ಎಂಬ ಪ್ರಶ್ನೆಗೆ ಖಾಯಂ ಕೆಲಸದ ಮಾತು ಬರಬಹುದು ಎಂದುಕೊಂಡರೆ, ಅದಲ್ಲ. ಅವರು ಆ ಬಿಳಿ ಚೀಟಿಯನ್ನು ಅದರ ಜಾಗಕ್ಕೆ ಸೇರಿಸಿ ಡ್ರಾಯರು ತಳ್ಳುತ್ತಾರೆ.

"ಆ ಮಗು ಇನ್ನಷ್ಟು ಲೋಟ ಬೀಳಿಸ್ಲಿ. ಈ ಡ್ರಾಯರು ತುಂಬಿ, ಸಾಲಲ್ಲ ಸರ್, ಇನ್ನೊಂದು ಕೊಡಿ ಅಂತ ನಾನೇ ಹೋಗಿ ಅರ್ಜಿ ಕೊಡಬೇಕು. ಅಷ್ಟೇ."