ಬದುಕಿದ್ದವನಿಗೆ ಇಟ್ಟ ಎಡೆ

ಮುನಿರಾಜು, ನೀನು ಬದುಕಿದ್ದೀಯೆಂದು ನನಗೆ ಗೊತ್ತಿತ್ತು. ಅಮ್ಮನಿಗೆ ನಾನು ಹೇಳಲಿಲ್ಲ. ಮರೆತದ್ದಲ್ಲ, ಸಮಯ ನೋಡಿ ಹೇಳೋಣವೆಂದು ತಡೆದದ್ದೂ ಅಲ್ಲ — ಬೇಕೆಂದೇ ಹೇಳಲಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ನಿನ್ನ ಅಕ್ಕನೇ ಈ ಕೆಲಸ ಮಾಡಿದಳು.

ನೀನು ಹಡಗಿನ ಅಡುಗೆ ಕೆಲಸಕ್ಕೆ ಹೋದಾಗ ಜಡಿಗೇನಹಳ್ಳಿಯ ನಮ್ಮ ಬೀದಿಯಲ್ಲಿ ಸಮುದ್ರ ಕಂಡವರು ಯಾರಿದ್ದರು? ಅಮ್ಮ ಕಂಡ ದೊಡ್ಡ ನೀರೆಂದರೆ ತುಂಬಿದ ಹೊಸಕೋಟೆ ಕೆರೆ. ಗ್ರೀಸ್ ದೇಶದ ಒಂದು ದ್ವೀಪ ಬಿಟ್ಟ ಮೇಲೆ ನೀನು ಹಡಗಿನಲ್ಲಿ ಕಾಣಿಸುತ್ತಿಲ್ಲವೆಂದು ಮುಂಬೈಯ ಹಡಗಿನ ಕಂಪನಿಯಿಂದ ಸುದ್ದಿ ಬಂತು. ನೀರುಪಾಲಾದನೆಂದು ಊರೆಲ್ಲ ತೀರ್ಮಾನಿಸಿತು. ಪಿತೃಪಕ್ಷದಲ್ಲಿ ತೀರಿಹೋದವರಿಗೆ ಎಡೆ ಇಡುವಾಗ ಅವನಿಗೂ ಒಂದು ಎಲೆ ಹಾಕು ಎಂದು ದೊಡ್ಡವರು ಹೇಳಿದರೆ ಅಮ್ಮ ಸುತರಾಂ ಒಪ್ಪಲಿಲ್ಲ.

"ಬದುಕಿರೋನಿಗೆ ಎಡೆ ಇಕ್ಕಿದ್ರೆ ಅವನ ಆಯಸ್ಸು ಕಮ್ಮಿ ಆಯ್ತದೆ. ನನ್ನ ಮಗ ಬತ್ತಾನೆ" ಅಂದಳು. ಬಾಗಿಲ ಮುಂದಿನ ಜಗಲಿಯಲ್ಲಿ ಕುಳಿತು ಬಸ್ಸಿನಿಂದ ಇಳಿಯುವವರ ಮುಖಗಳನ್ನು ನೋಡುತ್ತಲೇ ಇದ್ದಳು.

ಮರುವರ್ಷ ನಿನ್ನ ಫೋನ್ ಬಂತು. "ಅಕ್ಕಾ, ನಾನು ಕಣಕ್ಕ. ಹಡಗು ಬಿಟ್ಟು ಇಲ್ಲೇ ಇಳ್ಕೊಂಡ್ಬಿಟ್ಟೆ. ಇಲ್ಲಿಯವಳನ್ನೇ ಮದುವೆ ಆಗಿದೀನಿ. ಅಮ್ಮಂಗೆ ನೀನೇ ನಿಧಾನವಾಗಿ ಹೇಳು."

ಅಮ್ಮ ಆಗಲೂ ಜಗಲಿಯಲ್ಲೇ ಇದ್ದಳು. ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೂಗಲಿಲ್ಲ.

ಹೊಟ್ಟೆಕಿಚ್ಚು, ಮುನಿ. ಬೇರೆ ಹೆಸರಿಲ್ಲ ಅದಕ್ಕೆ. ಗಂಡ ಹೋದ ಮೇಲೆ ತವರಿಗೆ ಬಂದವಳು ನಾನು. ಅಮ್ಮನ ತಲೆ ಬಾಚಿ, ಮುದ್ದೆ ಮುರಿದು ಬಾಯಿಗಿಡುತ್ತಿದ್ದವಳು ನಾನು. ಅವಳ ಕಣ್ಣು ಮಾತ್ರ ಬಸ್ಸಿನ ದಾರಿಯ ಮೇಲೆ. ನೀನು ಸತ್ತೆಯೆಂದು ಒಪ್ಪಿಕೊಂಡರೆ ಒಮ್ಮೆಯಾದರೂ ನನ್ನ ಕಡೆ ತಿರುಗುತ್ತಾಳೇನೋ — ಹಾಗೆ ಯೋಚಿಸಿದೆ. ನೀನು ಮತ್ತೆ ಫೋನ್ ಮಾಡಿದಾಗ, "ಅಮ್ಮ ನಂಗೆ ಮಗನೇ ಇಲ್ಲ ಅಂದ್ಬಿಟ್ಳು ಕಣೋ" ಎಂದೆ. ಅಮ್ಮ ಅಂಥ ಮಾತು ಆಡಿಯೇ ಇರಲಿಲ್ಲ. ಅಲ್ಲಿ ಇರುವುದಕ್ಕೆ ಬೇಕಾದ ಕಾಗದಪತ್ರ ಸರಿಯಾದ ಮೇಲೆ ನೀನು ಬಂದುಹೋಗಬಹುದಿತ್ತು. ಆ ಮಾತು ನಿನ್ನನ್ನು ಬರಗೊಡಲಿಲ್ಲ.

ಆ ವರ್ಷದ ಪಿತೃಪಕ್ಷದಲ್ಲಿ ನಾನೇ ಅಮ್ಮನನ್ನು ಕಾಡಿದೆ. ಸತ್ತ ಮಗನನ್ನು ಹಸಿವಿನಲ್ಲಿಟ್ಟಿದ್ದೀಯ ಎಂದೆ. ಆ ಮಾತಿಗೆ ಅವಳು ಕುಸಿದಳು. ಕೋಳಿ ಸಾರು, ವಡೆ, ಕಜ್ಜಾಯ ಎಲ್ಲ ತಾನೇ ಮಾಡಿದಳು. ಎಲೆಯ ಪಕ್ಕ ನಿನಗೊಂದು ಹೊಸ ಅಂಗಿ ಇಟ್ಟಳು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವಲ್ಲ, ಆಗ ಅವಳು ಕದಕ್ಕೆ ಕಿವಿಯಿಟ್ಟು ನಿಂತಿದ್ದಳು. ನೀನು ಎಲ್ಲೋ ಚೆನ್ನಾಗಿ ಉಂಡುಟ್ಟು ಇದ್ದೀಯೆಂದು ತಿಳಿದೂ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಅಂದಿನಿಂದ ಅವಳು ಜಗಲಿಗೆ ಹೋಗುವುದನ್ನು ಬಿಟ್ಟಳು. ನನ್ನ ಕಡೆಗೇನೂ ತಿರುಗಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು.

ಅಮ್ಮ ತೀರಿಹೋದ ಮೇಲೆ, ಈ ವರ್ಷ ನೀನು ನಿನ್ನ ದ್ವೀಪಕ್ಕೆ ನನ್ನನ್ನು ಕರೆಸಿಕೊಂಡೆ. ಎಂಥ ಊರು ಅದು. ಹಿಂದೆ ಮನೆಗೊಬ್ಬ ನಾವಿಕನಂತೆ. ಅಂಗಳದಲ್ಲಿ ಕಪ್ಪು ಬಿಳಿ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ಹುಗಿದು ಬರೆದ ಹಡಗು. ಗೋಡೆ ತುಂಬ ದೂರದ ಬಂದರುಗಳಿಂದ ತಂದ ತಟ್ಟೆಗಳು. ಎಲ್ಲ ಕಿಟಕಿಗಳೂ ಸಮುದ್ರದ ಕಡೆಗೇ. ಅಲ್ಲಿ ಕುಳಿತಾಗ ಅಮ್ಮ ಬೇಕೆನಿಸಿತು. ಅವಳಿಗೆ ಆ ಕಿಟಕಿ ತೋರಿಸಬೇಕಿತ್ತು.

ನಿನ್ನ ಹೆಂಡತಿ ಎಲೇನಿ ತನ್ನ ಮುತ್ತಜ್ಜಿಯ ವಿಷಯ ಹೇಳಿದಳು, ನೀನು ಕನ್ನಡದಲ್ಲಿ ಬಿಡಿಸಿ ಹೇಳಿದೆ — ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ ಚರ್ಚಿನಲ್ಲಿ ಹಂಚುತ್ತಾರೆ, ಆದರೆ ಸಮುದ್ರಕ್ಕೆ ಹೋಗಿ ಮರಳದ ಗಂಡನಿಗಾಗಿ ಆಕೆ ಸಾಯುವವರೆಗೂ ಗೋಧಿ ಬೇಯಿಸಲಿಲ್ಲವೆಂದು. "ಆಕೇನ ಯಾರೂ ಬಲವಂತ ಮಾಡ್ಲಿಲ್ವಾ?" ಎಂದು ನಾನು ಕೇಳಿದೆ. ನೀನು ನಕ್ಕೆ. "ಯಾರಕ್ಕ ಮಾಡ್ತಾರೆ? ಕಾಯೋದು ಅವಳ ಇಷ್ಟ" ಅಂದೆ.

ಹೊರಡುವ ದಿನ ಬಂದರಿನಲ್ಲಿ ನೀನು ಕೇಳಿದೆ. "ಅಮ್ಮ ನನ್ನ ಮೇಲೆ ಕೋಪದಲ್ಲೇ ಹೋದ್ಲಾ ಅಕ್ಕ?" ಹಳೇದ್ಯಾಕೆ ಈಗ ಎಂದು ಹೇಳಿ ನಾನು ದೋಣಿ ಹತ್ತಿಬಿಟ್ಟೆ. ನೀನು ಕಾಣುವಷ್ಟು ಹೊತ್ತೂ ಕೈ ಬೀಸುತ್ತಿದ್ದೆ. ನಾನು ಎತ್ತಿದ ಕೈಯನ್ನು ಇಳಿಸಲೂ ಆಗದೆ —

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಲಾರೆ. ನೀನು ಇನ್ನು ನನ್ನನ್ನು ಅಕ್ಕಾ ಎಂದು ಕರೆಯದಿದ್ದರೆ ಅದನ್ನೂ ಅನುಭವಿಸುತ್ತೇನೆ. ನೀನು ಕೇಳಿದ್ದಕ್ಕೆ ಉತ್ತರವನ್ನಷ್ಟೇ ಕೊಡಬೇಕು.

ಅವಳಿಗೆ ಕೋಪವಿರಲಿಲ್ಲ. ಕೊನೆಯ ದಿನ ನನ್ನ ಕೈ ಹಿಡಿದು, "ನಿಜ ಹೇಳು, ಮುನಿ ಸತ್ತೋಗವ್ನಾ?" ಎಂದು ಕೇಳಿದಳು. ಆಗಲಾದರೂ ಹೇಳಬಹುದಿತ್ತು. ನಾನು ಹೂಂ ಎಂದೆ. ಅಮ್ಮನ ಮುಖ ಎಷ್ಟೋ ವರ್ಷಗಳ ಮೇಲೆ ಅರಳಿತು. "ಹಂಗಾದ್ರೆ ಅಲ್ಲಿ ಸಿಕ್ತಾನೆ ಬಿಡು" ಎಂದಳು.

ನಿನ್ನನ್ನು ಹುಡುಕಿಕೊಂಡು ಹೋದಳು, ಮುನಿ. ನೀನು ಅಲ್ಲಿರಲಿಲ್ಲ.