ಮನೆ ಅಳಿಯನದು, ಮಣ್ಣು ಅತ್ತೆಯದು

ಥಾಯ್ಲೆಂಡಿನ ಈಸಾನ್ ಸೀಮೆಯ ಒಂದು ಊರಿನಲ್ಲಿ ಪಪ್ಪಾಯಿ ಕಾಯಿ ಕುಟ್ಟಿ ಕೋಸಂಬರಿ ಮಾಡಿ ಮಾರುವ ಬುವಾಲೈಗೆ ಜಂಬಪಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕಾನೂನೇ ಅವಳ ಕಡೆಗಿತ್ತು. ಮಗಳು ಕೇಸನಿಯ ಗಂಡ ಡೆನ್ಮಾರ್ಕಿನ ಟೋರ್ಬೆನ್. ಹೊರದೇಶದವನು ಇಲ್ಲಿ ಮನೆ ಕಟ್ಟಿಸಿ ತನ್ನದೆನ್ನಬಹುದು, ಅದರಡಿಯ ಮಣ್ಣು ಮಾತ್ರ ಅವನದಾಗದು. ಹಾಗಾಗಿ ಮರದ ಕಂಬಗಳ ಮೇಲಿನ ಮನೆ ಅಳಿಯನದು, ನೆಲ ಅತ್ತೆಯದು.

"ಏ ಫರಂಗಿ, ಕಾಲು ನೆಲಕ್ಕಿಡೋ ಮುಂಚೆ ನನ್ನ ಕೇಳಪ್ಪ!" ಎಂದು ಅವನು ಮೆಟ್ಟಿಲಿಳಿಯುವಾಗಲೆಲ್ಲ ರೇಗಿಸುವಳು.

"ಇಡ್ಲಾ ಅಮ್ಮಾ?" ಎಂದು ಆ ಆರಡಿ ಆಳು ಒಂಟಿಕಾಲಲ್ಲಿ ನಿಂತು ಕೇಳುವನು.

ಪಕ್ಕದ ಹೊಲದ ಸಮ್ರಾನ್ ಅಳತೆ ಮಾಡಿಸಿದ ದಿನ ಆ ಜಂಬ ಇಳಿಯಿತು. ಅರ್ಧ ಮನೆ ಅವನ ನೆಲದಲ್ಲಿತ್ತು! ತಪ್ಪು ಬುವಾಲೈಯದೇ. ಮೊದಲ ಕಂಬಕ್ಕೆ ಭಿಕ್ಷು ಕೊಟ್ಟ ಮುಹೂರ್ತ ಒಂಬತ್ತು ಗಂಟೆ ಒಂಬತ್ತು ನಿಮಿಷ. ಸರ್ವೆಯವನು ತಡಮಾಡಿದ, ಇವಳು ಕಣ್ಣಂದಾಜಿನಲ್ಲೇ ನೆಡಿಸಿಬಿಟ್ಟಳು. ನೆಲದೊಡೆಯ ದೇವರ ಪುಟ್ಟ ಗುಡಿಗೆ ಕೆಂಪು ಶರಬತ್ತಿಟ್ಟು, "ನಾಲ್ಕು ದಿನ ಇರೋಕೆ ಬಂದಿರೋ ನೆಂಟ ಇವ್ನು" ಎಂದು ಅಳಿಯನನ್ನು ಪರಿಚಯಿಸಿದ್ದೂ ಅಂದೇ.

"ತಿಂಗಳೊಳಗೆ ನಿನ್ನಳಿಯ ಮನೆ ಎತ್ಕೊಂಡು ಹೋಗ್ಲಿ," ಎಂದ ಸಮ್ರಾನ್.

ಕೆಡವಿದರೆ ಮತ್ತೆ ಕಟ್ಟುವ ಶಕ್ತಿ ಟೋರ್ಬೆನ್‌ಗೆ ಇರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಡೆನ್ಮಾರ್ಕಿಗೆ ಹೋಗುವುದೊಂದೇ ದಾರಿ. ಬುವಾಲೈಗೆ ಅನ್ನ ಸೇರಲಿಲ್ಲ. ಮೂರನೆಯ ಬೆಳಗ್ಗೆ ಒನಕೆ ಬಿಸುಟು ಎದ್ದಳು: "ಎತ್ಕೊಂಡೇ ಹೋಗೋಣ!"

ಊರಿಗೆ ಊರೇ ಬಂತು. ಕಂಬಗಳಿಗೆ ಬಿದಿರು ಬಿಗಿದು ತೊಂಬತ್ತು ಜನ ಹೆಗಲು ಕೊಟ್ಟರು. "ಒಂದು, ಎರಡು, ಮೂರು, ಏಳ್ಸೀ!" ಮನೆ ಎದ್ದೇಬಿಟ್ಟಿತು, ಪರದೆ, ಪಾತ್ರೆ, ಇಳಿಯಲೊಪ್ಪದ ಬೆಕ್ಕು ಸಮೇತ. ಆ ಕೂಗು ಕೇಳಿ ಸಮ್ರಾನ್‌ಗೂ ಕೈಕಟ್ಟಿ ನಿಲ್ಲಲಾಗಲಿಲ್ಲ. "ಎಡಗಡೆ ವಾಲ್ತಿದೆ, ದಂಡಪಿಂಡಗಳಾ!" ಎಂದು ಬೈಯುತ್ತ ಬಂದು ತಾನೂ ಹೆಗಲು ಕೊಟ್ಟ.

ಹನ್ನೆರಡು ಹೆಜ್ಜೆ ದಾಟಿತು. ಭಿಕ್ಷು ಕೊಟ್ಟ ಹೊಸ ಮುಹೂರ್ತವೂ ಬಂತು. ಸರ್ವೆಯವನದು ಮತ್ತೆ ಪತ್ತೆಯಿಲ್ಲ!

"ಇಳಿಸ್ಬೇಡ್ರೋ!" ಬುವಾಲೈ ಕೂಗಿದಳು. "ಮುಹೂರ್ತ ಹಾಳಾಗೋಗ್ಲಿ, ಈ ಸಲ ಅಳತೆ ಆಗ್ಲೇಬೇಕು!"

"ಅಕ್ಕಾ, ನನ್ನ ಸೊಂಟ!" ಎಂದು ಸಮ್ರಾನ್ ನರಳಿದ.

"ಮನೆ ಎತ್ಕೊಂಡು ಹೋಗು ಅಂದೋನು ನೀನೇ ತಾನೆ? ಹಿಡ್ಕೋ!"

ತೊಂಬತ್ತು ಜನಕ್ಕೂ ನಗು ಉಕ್ಕಿತು. ಹೆಗಲು ಕುಲುಕಿದಂತೆಲ್ಲ ಮನೆಯೂ ಕುಲುಕಿತು. ಒಳಗೆ ಪಾತ್ರೆಗಳು ಗಲಗಲಿಸಿದವು. ಟೋರ್ಬೆನ್ ನಗುತ್ತಲೇ ಅತ್ತ. ಕಡೆಗೂ ಸರ್ವೆಯವನು ಸ್ಕೂಟರಿನಲ್ಲಿ ಬಂದು ಟೇಪು ಹಿಡಿದು, "ಇನ್ನೊಂದು ಮೊಳ ಪೂರ್ವಕ್ಕೆ," ಎಂದ. ಮನೆ ಮೊಳ ಸರಿದು ಬುವಾಲೈಯ ಮಣ್ಣಿನ ಮೇಲೆ ಕೂತಿತು.

ಅವಳು ಶರಬತ್ತಿನ ಬಾಟಲಿ ಹಿಡಿದು ಗುಡಿಯ ಮುಂದೆ ಮಂಡಿಯೂರಿದಳು. "ಸ್ವಾಮೀ, ಆವತ್ತು ತಪ್ಪು ಹೇಳ್ಬಿಟ್ಟೆ. ಇವ್ನು ನೆಂಟ ಅಲ್ಲ. ನನ್ನ ಮಗ."

ತಿರುಗಿದರೆ ಟೋರ್ಬೆನ್ ಕೊನೆಯ ಮೆಟ್ಟಿಲಲ್ಲಿ ಒಂಟಿಕಾಲಲ್ಲಿ ನಿಂತಿದ್ದ.

"ಇಡ್ಲಾ ಅಮ್ಮಾ?"

"ಕೇಳೋದೇನೋ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಇಡೋ!"