ಬೇರಿನ ಅಳತೆಗೆ ಕಡ್ಡಿ

“ಬೇರು ಇನ್ನೆಷ್ಟು ಉಳಿದಿದೆ?”

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರ ಉತ್ತರಕ್ಕೂ ಕಾಯದೆ ನಮ್ಮ ಗುರುಗಳು ಹೀಗೆ ಕೇಳುತ್ತಿದ್ದುದನ್ನು ಮೂವತ್ತನಾಲ್ಕು ವರ್ಷಗಳ ಅವರ ಶಿಷ್ಯರೆಲ್ಲ ಬಲ್ಲರು. ಮುರಿದ ಹಲ್ಲೆಂದರೆ ಕೀಳಬೇಕಾದ ಹಲ್ಲೆಂದೇ ಜನ ನಂಬಿದ್ದ ಕಾಲದಲ್ಲಿ, ರೂಟ್ ಕೆನಾಲ್ ಮುಗಿದ ಬೇರಿನೊಳಗೆ ಲೋಹದ ಕಡ್ಡಿ ನಿಲ್ಲಿಸಿ ಅದರ ಮೇಲೆ ಹಲ್ಲು ಕಟ್ಟುವ ವಿದ್ಯೆಯನ್ನು ನಮ್ಮ ದಂತವೈದ್ಯ ವಿಭಾಗಕ್ಕೆ ತಂದವರು ಅವರು.

ನಾನು ಅವರ ಕೈಕೆಳಗೆ ಸೇರಿದ ಎರಡನೆಯ ವರ್ಷ ನನ್ನ ತಾಯಿ ಜಾರಿಬಿದ್ದು ಮೇಲಿನ ಮುಂಬಲ್ಲು ಮುರಿದುಕೊಂಡರು. ದಿನವೂ ಸಂಜೆ ದೇವರ ಮುಂದೆ ರಾಗವಾಗಿ ಪದ್ಯ ಓದುವವರು ಅಮ್ಮ; ನನ್ನ ಬಾಲ್ಯ ಕಳೆದದ್ದೇ ಆ ದನಿ ಕೇಳುತ್ತ. ಈಗ ‘ಸ’ಕಾರ ಬಂದಲ್ಲೆಲ್ಲ ಗಾಳಿ ಸಿಳ್ಳೆ ಹಾಕಿತು. “ಪದ್ಯಕ್ಕೆ ಕೊಳಲೂ ಸೇರ್ಕೊಂಡ್ತಲ್ಲೇ!” ಎಂದು ಅಪ್ಪ ನಕ್ಕರು. ಅಂದು ಪುಸ್ತಕ ಮುಚ್ಚಿದ ಅಮ್ಮ ಮತ್ತೆ ತೆರೆಯಲಿಲ್ಲ.

ರೂಟ್ ಕೆನಾಲ್ ನಾನೇ ಮಾಡಿದೆ. ಸಿದ್ಧ ಅಳತೆಯಲ್ಲಿ ಸಿಗುವ ಕಡ್ಡಿ ಬೇರಿನೊಳಗೆ ಸಡಿಲವಾದಾಗ, ದಪ್ಪನೆಯದನ್ನು ಕೂರಿಸಲೆಂದು ಬೇರನ್ನು ಇನ್ನಷ್ಟು ಕೊರೆಯಹೊರಟೆ. ಗುರುಗಳು ನನ್ನ ಮಣಿಕಟ್ಟು ಹಿಡಿದು, ಅಮ್ಮನಿಗೆ ಕೇಳದಂತೆ ಪಿಸುಗುಟ್ಟಿದರು: “ಕಡ್ಡಿಗೋಸ್ಕರ ಬೇರು ಸವೆಸ್ತೀಯೇನಯ್ಯಾ? ಸೀಳಿದ್ರೆ ಇವರ ಪದ್ಯ ಅಲ್ಲಿಗೆ ಮುಗೀತು.”

ಆಮೇಲೆ ತಾವೇ ಕುಳಿತು, ಬೇರಿನ ಒಳ ಆಕಾರವನ್ನು ಮೇಣದಲ್ಲಿ ತೆಗೆದು, ಅದರಂತೆ ಲೋಹದ ಎರಕ ಹೊಯ್ಯಿಸಿದರು. ಮೊದಲ ಎರಡು ಎರಕಗಳು ಕೂದಲೆಳೆಯಷ್ಟು ಬಿಗಿಯೆಂದು ಪಕ್ಕಕ್ಕಿಟ್ಟರು. ಮೂರನೆಯದು, ಛಂದಸ್ಸಿಗೆ ಪದ ಒದಗಿದ ಹಾಗೆ, ಒತ್ತಾಯವಿಲ್ಲದೆ ಕೂತಿತು. ಕ್ಯಾಪ್ ಹಾಕಿದ ದಿನ “ಒಂದು ಪದ್ಯ ಓದಿ ತಾಯಿ, ನೋಡೋಣ” ಎಂದರು. ಕುರ್ಚಿಯಲ್ಲೇ ಅಮ್ಮ ಓದಿದರು. ಸಿಳ್ಳೆಯಿರಲಿಲ್ಲ. ಹೊರಗೆ ಕೆನ್ನೆ ಹಿಡಿದು ಕೂತಿದ್ದವರೂ ನರಳಾಟ ನಿಲ್ಲಿಸಿ ಕೇಳಿದರು. “ಎಲ್ಲಾ ನಿಮ್ಮ ಮಗನ ಕೈಕೆಲಸ” ಎಂದ ಗುರುಗಳು ನನ್ನ ತಪ್ಪನ್ನು ಇಂದಿಗೂ ಎತ್ತಿಲ್ಲ.

ಇಪ್ಪತ್ತೆರಡು ವರ್ಷ ಬಾಳಿದ ಆ ಹಲ್ಲು, ಗುರುಗಳ ನಿವೃತ್ತಿಗೆ ವಾರವಿರುವಾಗ ಕಡ್ಡಿಸಮೇತ ಕಳಚಿ ಬಂತು. ಎಪ್ಪತ್ತೆಂಟರ ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅವರ ಮೇಜಿನ ಮೇಲಿಟ್ಟರು.

“ನಿಮಗೂ ರಿಟೈರು, ಇದನ್ನೂ ರಿಟೈರು ಮಾಡ್ಬಿಡಿ ಸ್ವಾಮಿ. ಬೇರೂ ಕಿತ್ತುಹಾಕಿ. ಇನ್ನೆಷ್ಟು ದಿನ ಓದ್ತೀನಿ ನಾನು?”

ಗುರುಗಳಿಗೆ ದೇವರು ದೀರ್ಘಾಯುಷ್ಯವನ್ನೂ, ನಡುಗದ ಕೈಯನ್ನೂ, ಆ ಕೈಗೆ ಸದಾ ಕೆಲಸವನ್ನೂ ಕೊಡಲಿ ಎಂದು ನಾನು ಬೇಡಿಕೊಂಡದ್ದು ಆಗಲೇ. ಅವರು ಹೊಸದಾಗಿ ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಕಿಟಕಿಗೆ ಹಿಡಿದರು. ಬೇರು ಸೀಳಿರಲಿಲ್ಲ, ಕಡ್ಡಿಯನ್ನು ಹಿಡಿದಿದ್ದ ಅಂಟು ಮಾತ್ರ ಸವೆದಿತ್ತು. ಹಳೆಯ ಕಡ್ಡಿಯನ್ನು ಒರೆಸುತ್ತ, ತಲೆಯೆತ್ತದೆ ಹೇಳಿದರು:

“ಕೀಳಲ್ಲ, ತಾಯಿ.”